ನೋಡುವುದೂ ಕಾಣುವುದೂ

ಮೈಸೂರಿನ ಅನೇಕ ಬೀದಿಗಳಲ್ಲಿ ನಿಂತು ಆಗ್ನೇಯದ ಕಡೆಗೆ ಮುಖಮಾಡಿದರೆ ಚಾಮುಂಡಿ ಬೆಟ್ಟ ಕಾಣುತ್ತದೆ. ಇಷ್ಟು ಸರಳವಾದ ಸಂಗತಿಯನ್ನು ಇಂಗ್ಲಿಷಿನಲ್ಲಿ ಬರೆಯೆಂದರೆ ಕನ್ನಡದ ವಿದ್ಯಾರ್ಥಿ ‘ಐ ಆಮ್ ಸೀಯಿಂಗ್ ದಿ ಹಿಲ್’ ಎಂದು ಬರೆಯುತ್ತಾನೆ. ಉಪಾಧ್ಯಾಯರು ಅದನ್ನು ಕೆಂಪುಮಸಿಯಿಂದ ಹೊಡೆದುಹಾಕಿ ‘ಐ ಕ್ಯಾನ್ ಸೀ’ ಎಂದು ತಿದ್ದುತ್ತಾರೆ. ತಪ್ಪೇನೆಂಬುದು ಹುಡುಗನಿಗೆ ತಿಳಿಯುವುದಿಲ್ಲ. ‘ಸೀ ಎಂದರೆ ನೋಡು’ ಎಂದು ಅವನು ಬಾಯಿಪಾಠ ಮಾಡಿದ್ದಾನೆ; ‘ನೋಡುತ್ತಿದ್ದೇನೆ’ ಎಂಬುದು ಶುದ್ಧವಾದ ಕನ್ನಡ. ತಪ್ಪು ಅವನ ವ್ಯಾಕರಣದಲ್ಲಿಲ್ಲ, ಅವನ ಕೈಗೆ ಕೊಟ್ಟ ಅರ್ಥದಲ್ಲಿದೆ.

ಇಂಗ್ಲಿಷಿನ ಲುಕ್, ಸೀ, ವಾಚ್ ಎಂಬ ಮೂರು ಕ್ರಿಯಾಪದಗಳೂ ಕಣ್ಣಿನ ವ್ಯಾಪಾರವನ್ನೇ ಹೇಳುತ್ತವೆಯಾದರೂ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಲಾರದು. ಕಣ್ಣನ್ನು ಒಂದು ವಸ್ತುವಿನ ಕಡೆಗೆ ತಿರುಗಿಸುವ ಪ್ರಯತ್ನ ಲುಕ್. ವಸ್ತು ಕಣ್ಣಿಗೆ ಬಿದ್ದ ಫಲ ಸೀ. ಚಲಿಸುವ ಅಥವಾ ಬದಲಾಗಬಹುದಾದ ವಸ್ತುವನ್ನು ಕೆಲಕಾಲ ಬಿಡದೆ ಕಣ್ಣಿನಿಂದ ಹಿಂಬಾಲಿಸುವುದು ವಾಚ್. 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿಯ ಮುಂದೆ ಯಾತ್ರಿಕನು ನಿಲ್ಲುತ್ತಾನೆ. ಅವನು ನಂದಿಯನ್ನು ‘ಲುಕ್ ಅಟ್’ ಮಾಡಬಹುದು, ‘ಸೀ’ ಮಾಡಬಹುದು. ‘ವಾಚ್’ ಮಾಡಿದನೆಂದರೆ ನಂದಿ ಈಗಲೋ ಆಗಲೋ ಎದ್ದುಹೋಗುವುದೆಂದು ಕಾದು ನಿಂತಂತಾಗುತ್ತದೆ. ಪಕ್ಕದ ಮರದಲ್ಲಿರುವ ಕೋತಿಯ ವಿಷಯದಲ್ಲಿ ಮಾತ್ರ ವಾಚ್ ಎಂಬುದೇ ತಕ್ಕ ಪದ, ಕೈಯಲ್ಲಿ ಬಾಳೆಹಣ್ಣಿದ್ದವರಿಗಂತೂ ಅದು ಅನಿವಾರ್ಯವಾದ ಕ್ರಿಯೆ. ಸೀ ಎಂಬುದು ಫಲವನ್ನು ಹೇಳುವ ಮಾತಾದುದರಿಂದಲೇ ‘ನಡೆಯುತ್ತಲಿದೆ’ ಎಂಬ ರೂಪ ಅದಕ್ಕೆ ಒಗ್ಗದು. ಬೆಟ್ಟ ಕಣ್ಣಿಗೆ ಬಿತ್ತು ಅಥವಾ ಬೀಳಲಿಲ್ಲ. ಬೀಳುತ್ತಾ ಇರುವ ಸ್ಥಿತಿಯೆಂಬುದು ಇಲ್ಲ. ‘ಐ ಆಮ್ ಸೀಯಿಂಗ್ ದಿ ಡಾಕ್ಟರ್ ಟುಮಾರೋ’ ಎಂಬುದು ಸಾಧುವಲ್ಲವೇ ಎಂದು ಕೇಳಬಹುದು. ಸಾಧುವೇ ಸರಿ, ಏಕೆಂದರೆ ಅಲ್ಲಿ ಸೀ ಎಂದರೆ ಹೋಗಿ ಭೇಟಿಯಾಗುವುದು. ಆ ಅರ್ಥದಲ್ಲಿ ಅದು ಕಣ್ಣಿನ ಕೆಲಸವಲ್ಲ, ಕಾಲಿನ ಕೆಲಸ.

ಕನ್ನಡದಲ್ಲಿ ಈ ಭೇದವೇ ಇಲ್ಲವೆಂದು ಭಾವಿಸುವುದು ಅವಸರದ ಮಾತು. ಭೇದವಿದೆ, ಗೆರೆ ಎಳೆದಿರುವ ಸ್ಥಳ ಬೇರೆ. ಲುಕ್ ಮತ್ತು ವಾಚ್ ಎರಡನ್ನೂ, ಸೀ ಎಂಬುದರ ಒಂದು ಭಾಗವನ್ನೂ ‘ನೋಡು’ ಒಂದೇ ಹೊತ್ತುಕೊಂಡಿದೆ. ಸೀ ಎಂಬುದರ ಉಳಿದ ಭಾಗ ‘ಕಾಣು’ ಎಂಬುದಕ್ಕೆ ಸೇರಿದೆ. ‘ಎಷ್ಟು ನೋಡಿದರೂ ಕಾಣಲಿಲ್ಲ’ ಎಂದು ಯಾರಾದರೂ ಹೇಳುತ್ತಾರೆ. ‘ಎಷ್ಟು ಕಂಡರೂ ನೋಡಲಿಲ್ಲ’ ಎಂದರೆ ಕೇಳಿದವರು ನಗುತ್ತಾರೆ. ನೋಡುವುದಕ್ಕೆ ಕರ್ತೃ ಬೇಕು, ಇಚ್ಛೆ ಬೇಕು. ಕಾಣುವುದಕ್ಕೆ ಇವೆರಡೂ ಬೇಕಾಗಿಲ್ಲ. ‘ಬೆಟ್ಟ ಕಾಣುತ್ತದೆ’ ಎಂಬಲ್ಲಿ ಕರ್ತೃವಾಗಿ ನಿಂತದ್ದು ಬೆಟ್ಟ. ನೋಡುವವನು ಬೇಕಾದರೆ ‘ನನಗೆ’ ಎಂದು ಚತುರ್ಥೀ ವಿಭಕ್ತಿಯಲ್ಲಿ ಒಂದು ಮೂಲೆಯಲ್ಲಿ ನಿಲ್ಲುತ್ತಾನೆ, ಬೇಡವಾದರೆ ವಾಕ್ಯದಿಂದಲೇ ಹೊರಟುಹೋಗುತ್ತಾನೆ. ವಿಧಿರೂಪದಲ್ಲಿಯೂ ಇದೇ ನ್ಯಾಯ: ‘ನೋಡು’ ಎಂದು ಆಜ್ಞೆ ಮಾಡಬಹುದು, ‘ಕಾಣು’ ಎಂದು ಆಜ್ಞೆ ಮಾಡುವ ವಾಡಿಕೆ ಮೈಸೂರಿನಲ್ಲಿಲ್ಲ. ಕುಂದಾಪುರದ ಕಡೆಯವರು ‘ನೋಡಿ’ ಎಂಬುದಕ್ಕೆ ‘ಕಾಣಿ’ ಎನ್ನುತ್ತಾರೆ. ಒಂದೇ ಭಾಷೆಯೊಳಗೆ ಇಂಥ ಪಲ್ಲಟಗಳಿರುವಾಗ ಎರಡು ಭಾಷೆಗಳ ಪದಗಳು ಎದುರುಬದುರಾಗಿ ಸಾಲುನಿಲ್ಲಬೇಕೆಂದು ಬಯಸುವುದು ವ್ಯರ್ಥ.

ಕಾಣುವುದರಲ್ಲಿ ಇನ್ನೊಂದು ಅರ್ಥಚ್ಛಾಯೆ ಇದೆ. ಹಿರಿಯರನ್ನು ಹೋಗಿ ‘ಕಂಡು’ ಬರುತ್ತಾರೆ. ಹಾಗೆ ಕಾಣಲು ಹೋಗುವಾಗ ಒಯ್ಯುವುದು ‘ಕಾಣಿಕೆ’. ಹೆಣ್ಣನ್ನು ‘ನೋಡಿ’ ಬರುತ್ತಾರೆ, ಮನೆಯನ್ನು ‘ನೋಡಿ’ ಬರುತ್ತಾರೆ. ಅಲ್ಲಿ ಪರೀಕ್ಷೆಯ ಭಾವವಿದೆ. ಕಾಣುವಲ್ಲಿ ಪರೀಕ್ಷೆಯಿಲ್ಲ. ಆಷಾಢ ಶುಕ್ರವಾರ ಬೆಟ್ಟದ ಮೇಲೆ ಸಾಲಿನಲ್ಲಿ ನಿಂತ ಮುತ್ತೈದೆ ‘ತಾಯಿಯನ್ನು ನೋಡಿದೆ’ ಎನ್ನಬಹುದು, ‘ಕಂಡು ಬಂದೆ’ ಎನ್ನಬಹುದು. ಆದರೆ ಹೆಚ್ಚಾಗಿ ಅವಳ ಬಾಯಲ್ಲಿ ಬರುವುದು ‘ದರ್ಶನವಾಯಿತು’ ಎಂಬ ಮಾತು. ‘ಆಯಿತು’ ಎಂಬಲ್ಲಿ ಭಕ್ತೆಯ ಕರ್ತೃತ್ವ ಪೂರ್ತಿಯಾಗಿ ಕಳಚಿಹೋಗಿದೆ. ಇದನ್ನು ‘ಶೀ ಸಾ ದಿ ಗಾಡೆಸ್’ ಎಂದು ಭಾಷಾಂತರಿಸಿದರೆ ದೇವಿ ದಾರಿಯಲ್ಲಿ ಎದುರಾದಂತಾಗುತ್ತದೆ. ಇಂಗ್ಲಿಷಿನವರು ಕೊನೆಗೆ ‘ದರ್ಶನ್’ ಎಂಬ ಪದವನ್ನೇ ಕಡತಂದುದು ಜಾಣತನ.

ಕನ್ನಡಕ್ಕೆ ಭಾಷಾಂತರಿಸುವವರು ಎಡವುವ ಸ್ಥಳ ಬೇರೊಂದು. ಇಂಗ್ಲಿಷು ನೋಟದ ರೀತಿಯನ್ನು ಕ್ರಿಯಾಪದದ ಹೊಟ್ಟೆಯೊಳಗೇ ಅಡಗಿಸುತ್ತದೆ: ಗೇಜ್, ಸ್ಟೇರ್, ಗ್ಲೇರ್, ಗ್ಲಾನ್ಸ್, ಪೀಪ್. ಕನ್ನಡದಲ್ಲಿ ದಿಟ್ಟಿಸು, ಇಣುಕು ಎಂಬಂಥ ಕೆಲವು ಬಿಟ್ಟರೆ ಉಳಿದ ರೀತಿಗಳೆಲ್ಲ ‘ನೋಡು’ ಎಂಬುದರ ಪಕ್ಕದಲ್ಲಿ ನಿಲ್ಲುತ್ತವೆ: ಎವೆಯಿಕ್ಕದೆ ನೋಡು, ಮಿಕಮಿಕ ನೋಡು, ದುರುಗುಟ್ಟಿ ನೋಡು, ಓರೆಗಣ್ಣಿನಿಂದ ನೋಡು. ಇದು ಬಡತನವಲ್ಲ. ಆದರೆ ಒಂದು ಪದಕ್ಕೆ ಒಂದೇ ಪದ ಬೇಕೆಂದು ಹಟ ಹಿಡಿದ ಭಾಷಾಂತರಕಾರನು ಈ ಸಂಪತ್ತನ್ನು ಒದ್ದು, ಸಂಸ್ಕೃತಕ್ಕೆ ‘ಇಸು’ ಹಚ್ಚಿ ವೀಕ್ಷಿಸು, ಅವಲೋಕಿಸು ಎಂದು ಸಾಲುಗಟ್ಟಿಸುತ್ತಾನೆ. ವಿಜಯದಶಮಿಯ ಜಂಬೂಸವಾರಿಯನ್ನು ಜನ ‘ವೀಕ್ಷಿಸಿದರು’ ಎಂದು ಅಚ್ಚಾಗುತ್ತದೆ. ಹಿಂದಿನ ಸಾಲಿನಲ್ಲಿ ಮಗುವನ್ನು ಹೆಗಲಮೇಲೆ ಹೊತ್ತು ಆನೆಯನ್ನು ತೋರಿಸಿದ ತಂದೆಯಾಗಲಿ ಆ ಮಗುವಾಗಲಿ ವೀಕ್ಷಿಸಲಿಲ್ಲ, ಬಾಯಿಬಿಟ್ಟುಕೊಂಡು ನೋಡಿದರು. ಅಲ್ಲದೆ ‘ಈಕ್ಷ್’ ಎಂಬ ಧಾತು ಕನ್ನಡದಲ್ಲಿ ತನ್ನ ಮೂಲಾರ್ಥದಲ್ಲಿಯೇ ಉಳಿದಿಲ್ಲ. ನಿರೀಕ್ಷಿಸು ಎಂದರೆ ಎದುರುನೋಡು, ಉಪೇಕ್ಷಿಸು ಎಂದರೆ ಕಡೆಗಣಿಸು, ಅಪೇಕ್ಷಿಸು ಎಂದರೆ ಬಯಸು, ಪರೀಕ್ಷಿಸು ಎಂದರೆ ಒರೆಹಚ್ಚು. ಮೂಲ ಒಂದೇ, ಮಕ್ಕಳ ಬಾಳು ಬೇರೆಬೇರೆ. ‘ಬೆಟ್ಟದ ಬುಡದಲ್ಲಿ ನಿಂತು ನಿರೀಕ್ಷಿಸಿದನು’ ಎಂದು ಬರೆದವನು ಕಣ್ಣಿನ ಮಾತು ಹೇಳಹೊರಟು ಕಾಯುವ ಮಾತು ಹೇಳಿದಂತಾಗುತ್ತದೆ.

ಬೆಟ್ಟವನ್ನು ‘ಹತ್ತುವ’ ಮತ್ತು ‘ಏರುವ’ ಮಾತಿಗೂ ಇದೇ ವಿವೇಚನೆ ಸಲ್ಲುತ್ತದೆ. ಸುಮಾರು 1000 ಮೆಟ್ಟಿಲುಗಳ ದಾರಿಯನ್ನು ಜನ ಹತ್ತುತ್ತಾರೆ, ಏರುತ್ತಾರೆ ಎಂದೂ ಹೇಳುತ್ತಾರೆ. ಆದರೆ ಜ್ವರ ಏರುತ್ತದೆ, ಬೆಲೆ ಏರುತ್ತದೆ, ಅರಸನು ಸಿಂಹಾಸನವನ್ನು ಏರುತ್ತಾನೆ, ಬೆಲೆ ಹತ್ತುವುದಿಲ್ಲ. ಅತ್ತ ಬೆಂಕಿ ಹತ್ತುತ್ತದೆ, ನಿದ್ದೆ ಹತ್ತುತ್ತದೆ. ಹಳಗನ್ನಡದ ‘ಪತ್ತು’ ಎಂಬುದಕ್ಕೆ ಅಂಟಿಕೊಳ್ಳು ಎಂಬ ಅರ್ಥವಿರುವುದನ್ನು ನೆನೆದರೆ ಕಾರಣ ತಿಳಿಯುತ್ತದೆ. ಏರುವುದರ ದೃಷ್ಟಿ ಎತ್ತರದ ಮೇಲೆ, ಹತ್ತುವುದರ ದೃಷ್ಟಿ ಸೋಂಕಿನ ಮೇಲೆ. ಹರಕೆ ಹೊತ್ತು ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಹೋಗುವವಳು ಬೆಟ್ಟ ಹತ್ತುತ್ತಾಳೆ ಎನ್ನುವುದೇ ಸೊಗಸು. ಇಂಗ್ಲಿಷಿನ ಕ್ಲೈಂಬ್ ಕೈಕಾಲಿನ ಶ್ರಮವನ್ನು ಮುಖ್ಯವಾಗಿ ಹಿಡಿದುದರಿಂದ ‘ಕ್ಲೈಂಬ್ ಡೌನ್’ ಎಂಬ ಮಾತಿಗೆ ಅಲ್ಲಿ ಎಡೆಯಿದೆ. ಕನ್ನಡದಲ್ಲಿ ಕೆಳಕ್ಕೆ ಹತ್ತುವ ಉಪಾಯ ಇನ್ನೂ ಯಾರಿಗೂ ತಿಳಿದಿಲ್ಲ.

ಸಮಾನಾರ್ಥಕಗಳ ನಡುವಣ ಈ ಭೇದಗಳನ್ನು ಬಿಡಿಸಿ ಹೇಳುವ ಪ್ರಯತ್ನ ಇಂಗ್ಲಿಷಿನಲ್ಲಿ ಹಳೆಯದು. 1794ರಲ್ಲಿ ಹೆಸ್ಟರ್ ಪಿಯೋಜ್ಜಿ, 1816ರಲ್ಲಿ ಜಾರ್ಜ್ ಕ್ರ್ಯಾಬ್ ಇದಕ್ಕಾಗಿಯೇ ಗ್ರಂಥಗಳನ್ನು ಪ್ರಕಟಿಸಿದರು. 1852ರ ರೋಜೆಯ ಕೋಶ ಪದಗಳನ್ನು ಗುಂಪುಗೂಡಿಸಿತೇ ಹೊರತು ಭೇದವನ್ನು ಹೇಳುವ ಗೋಜಿಗೆ ಹೋಗಲಿಲ್ಲ. ಪ್ರಸಿದ್ಧಿ ಅದಕ್ಕೇ ಬಂದಿತು. ಕನ್ನಡದಲ್ಲಿ ಕೇಶಿರಾಜನ ಕಾಲದಿಂದಲೂ ದೇಶ್ಯಧಾತುಗಳಿಗೆ ಸಂಸ್ಕೃತದ ಒಂದೊಂದು ಪದದಿಂದ ಅರ್ಥ ಹೇಳುವ ಪದ್ಧತಿ ಬೆಳೆದುಬಂದಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟು ಈ ದಾರಿಯಿಂದ ಬಹುದೂರ ಮುಂದೆ ಹೋಗಿ ಗಾದೆಗಳನ್ನೂ ಪ್ರಯೋಗಗಳನ್ನೂ ಕೊಟ್ಟಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿಯೂ ಪ್ರಯೋಗಗಳ ಆಧಾರವುಂಟು. ಆದರೆ ಹುಡುಗರ ಕೈಗೆ ಸಿಕ್ಕುವುದು ಇವಲ್ಲ. ಇಂಗ್ಲಿಷು ಪದದ ಮುಂದೆ ಅಲ್ಪವಿರಾಮಗಳಿಂದ ಪೋಣಿಸಿದ ನಾಲ್ಕು ಕನ್ನಡ ಪದಗಳನ್ನಿಟ್ಟ ಕಿಸೆಯ ಕೋಶ. ನಾಲ್ಕರಲ್ಲಿ ಯಾವುದು ಎಲ್ಲಿಗೆ ಎಂಬ ಪ್ರಶ್ನೆಗೆ ಅಲ್ಪವಿರಾಮ ಉತ್ತರ ಕೊಡಲಾರದು. ಅಲ್ಲಿ ಒಂದು ಅರ್ಥ ಕಡಮೆಯಾಗಿ ಒಂದು ವಾಕ್ಯ ಹೆಚ್ಚಾಗಿದ್ದಿದ್ದರೆ, ‘ಸೀ ಎ ಡಾಕ್ಟರ್’ ಎಂಬುದರ ಎದುರಿಗೆ ‘ಡಾಕ್ಟರಿಗೆ ತೋರಿಸು’ ಎಂದೂ, ಮಾತಿನ ನಡುವೆ ಬರುವ ‘ಐ ಸೀ’ ಎಂಬುದರ ಎದುರಿಗೆ ‘ಓಹೋ, ಹಾಗೋ’ ಎಂದೂ ಇದ್ದಿದ್ದರೆ, ‘ನಾನು ನೋಡುತ್ತೇನೆ’ ಎಂದು ತಲೆದೂಗುವ ದೊರೆಗಳು ಕನ್ನಡದ ಭಾಷಾಂತರಗಳಲ್ಲಿ ಹುಟ್ಟುತ್ತಿರಲಿಲ್ಲ.

ವಾಕ್ಯ ಕೊಟ್ಟರೂ ತೀರದ ತೊಡಕುಗಳು ಕೆಲವುಂಟು. ಮಳೆಗಾಲದ ಬೆಳಗ್ಗೆ ಮೋಡ ಇಳಿದಾಗ ಮೈಸೂರಿನವರು ಕಿಟಕಿ ತೆರೆದು ‘ಇವತ್ತು ಬೆಟ್ಟವೇ ಕಾಣುತ್ತಿಲ್ಲ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಒಬ್ಬ ‘ಐ’ಯನ್ನೋ ‘ಯೂ’ವನ್ನೋ ತಂದು ನಿಲ್ಲಿಸಬೇಕು, ಇಲ್ಲವೆ ‘ವಿಸಿಬಲ್’ ಎಂಬ ಪುಸ್ತಕದ ಮಾತನ್ನು ಹುಡುಕಬೇಕು. ಮೊದಲನೆಯದರಲ್ಲಿ ಕೊರತೆ ಕಣ್ಣಿನದಾಗುತ್ತದೆ, ಎರಡನೆಯದರಲ್ಲಿ ಕಿಟಕಿಯ ಬಳಿಯ ಮಾತು ಹವಾಮಾನದ ವರದಿಯಾಗುತ್ತದೆ. ಕನ್ನಡದ ವಾಕ್ಯದಲ್ಲಿ ಕಾಣದೆ ಇರುವ ಕೆಲಸವನ್ನು ಮಾಡುತ್ತಿರುವುದು ಬೆಟ್ಟವೇ.