ಗಣಕನೀತಿಯ ದಶಾಜ್ಞೆಗಳು: ಒಂದು ವಿಮರ್ಶೆ

ಅಮೆರಿಕದ ಕಂಪ್ಯೂಟರ್ ಎಥಿಕ್ಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯು 1992ರಲ್ಲಿ ಗಣಕಯಂತ್ರವನ್ನು ಬಳಸುವವರಿಗಾಗಿ ಹತ್ತು ನಿಯಮಗಳನ್ನು ರಚಿಸಿತು. ಮೋಶೆಯ ದಶಾಜ್ಞೆಗಳ ಮಾದರಿಯನ್ನನುಸರಿಸಿದ ಈ ಕಿರುಪಾಠವು ಕಂಠಪಾಠಕ್ಕೆ ಸುಲಭವಾದುದು. ಗಣಕನೀತಿಯ ಬೋಧನೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ಆದರೆ ಕಂಠಪಾಠಕ್ಕೆ ಒದಗುವುದೆಲ್ಲವೂ ಶೀಲಶಿಕ್ಷಣಕ್ಕೆ ಒದಗುವುದೇ ಎಂಬುದು ವಿಚಾರಾರ್ಹವಾಗಿದೆ.

ಹತ್ತರಲ್ಲಿ ಮೊದಲಿನ ಎಂಟು ನಿಷೇಧಗಳು. ಕಡೆಯ ಎರಡು ಮಾತ್ರ ವಿಧಿಗಳು. ಪರರಿಗೆ ಹಾನಿ ಮಾಡಬಾರದು, ಪರರ ಕಡತಗಳನ್ನು ಇಣಿಕಿ ನೋಡಬಾರದು, ಕದಿಯಬಾರದು, ಸುಳ್ಳುಸಾಕ್ಷಿ ಹೇಳಬಾರದು ಎಂಬಿವೇ ಮೊದಲಾದ ನಿಷೇಧಗಳ ತಿರುಳು ಗಣಕಯಂತ್ರವು ಹುಟ್ಟುವ ಮೊದಲೇ ಲೋಕಕ್ಕೆ ತಿಳಿದುದು. ತಾನು ರಚಿಸುವ ಪ್ರೋಗ್ರಾಮಿನಿಂದ ಸಮಾಜಕ್ಕಾಗುವ ಪರಿಣಾಮವನ್ನು ಆಲೋಚಿಸಬೇಕೆಂಬುದು ಒಂಬತ್ತನೆಯದು. ಸಹಮಾನವರಲ್ಲಿ ಆದರವಿಟ್ಟು ಯಂತ್ರವನ್ನು ಬಳಸಬೇಕೆಂಬುದು ಹತ್ತನೆಯದು.

ಮೊದಲು ಪಾಠಶುದ್ಧಿಯ ಮಾತು. ಆರನೆಯ ಆಜ್ಞೆಯು ಬೆಲೆ ತೆರದೆ ಪರಸ್ವಾಮ್ಯದ ತಂತ್ರಾಂಶವನ್ನು ಬಳಸುವುದನ್ನು ನಿಷೇಧಿಸುತ್ತದೆ. ಒಡೆಯನೇ ಬೆಲೆಯಿಲ್ಲದೆ ಕೊಟ್ಟುದನ್ನು ಬಳಸಿದವನೂ ಶಬ್ದಾರ್ಥದಂತೆ ದೋಷಿಯಾಗುತ್ತಾನೆ. ಒಂದು ಪ್ರತಿಗೆ ಬೆಲೆ ತೆತ್ತು ಹತ್ತು ಪ್ರತಿಗಳನ್ನು ಮಾಡಿಕೊಂಡವನು ನುಣುಚಿಕೊಳ್ಳಲು ಎಡೆಯಾಗುತ್ತದೆ. ದೋಷಕ್ಕೆ ಮೂಲ ಅನುಮತಿಯ ಅಭಾವವೇ ಹೊರತು ಬೆಲೆಯ ಅಭಾವವಲ್ಲ. ಪ್ರಚಾರದಲ್ಲಿರುವ ಕೆಲವು ಪಾಠಗಳಲ್ಲಿ ‘ಅನುಮತಿಯಿಲ್ಲದೆ’ ಎಂಬರ್ಥದ ಮಾತನ್ನು ಆವರಣದಲ್ಲಿ ಸೇರಿಸಿರುವುದೇ ಈ ಕೊರತೆಗೆ ಸಾಕ್ಷಿ.

ಇದಕ್ಕಿಂತ ಗುರುತರವಾದ ದೋಷವೊಂದುಂಟು. ಅಪ್ರಾಪ್ತವಾದುದನ್ನು ತಿಳಿಸುವುದು ವಿಧಿಯ ಕಾರ್ಯವೆಂಬುದು ಮೀಮಾಂಸಕರ ಮತ. ಕದಿಯಬಾರದೆಂಬುದನ್ನು ವಿದ್ಯಾರ್ಥಿಯು ಮನೆಯಲ್ಲಿಯೇ ಕಲಿತು ಬಂದಿರುತ್ತಾನೆ. ಅವನಿಗೆ ತಾನಾಗಿ ತೋರದಿರುವುದು ಒಂಬತ್ತನೆಯದರ ಅರ್ಥ. ನಿದರ್ಶನಕ್ಕೆ, ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ರಾಬರ್ಟ್ ಟಪನ್ ಮಾರಿಸನು 1988ರ ನವೆಂಬರ್ 2ರಂದು ಜಾಲದಲ್ಲಿ ಬಿಟ್ಟ ‘ವರ್ಮ್’ ಎಂಬ ಪ್ರೋಗ್ರಾಮನ್ನು ನೋಡಬಹುದು. ಒಂದು ಯಂತ್ರದಲ್ಲಿ ತನ್ನ ಪ್ರತಿಯು ಮೊದಲೇ ಇದ್ದರೆ ಅದು ಮತ್ತೆ ನೆಲೆಸಬಾರದೆಂದು ಅವನು ಏರ್ಪಡಿಸಿದ್ದನು. ಆದರೆ ಸುಳ್ಳು ಉತ್ತರದಿಂದ ಅದನ್ನು ತಡೆದಾರೆಂದು ಶಂಕಿಸಿ, ಏಳು ಸಲಕ್ಕೊಮ್ಮೆ ಹೇಗೂ ನೆಲೆಸುವಂತೆ ಮಾಡಿದನು. ಈ ಪ್ರಶ್ನೋತ್ತರವು ಎಷ್ಟು ಸಲ ನಡೆದೀತೆಂಬ ಎಣಿಕೆ ತಪ್ಪಿತು. ಯಂತ್ರಗಳು ಪ್ರತಿಗಳ ಭಾರದಿಂದ ಸ್ತಬ್ಧವಾದುವು. ಅನುಮತಿಯಿಲ್ಲದ ಪ್ರವೇಶವು ಏಳನೆಯ ಆಜ್ಞೆಗೆ ವಿರುದ್ಧವೆಂಬುದು ನಿಜ. ಆದರೆ ಹಾನಿಯಾದುದು ದುರುದ್ದೇಶದಿಂದಲ್ಲ, ಅನಾಲೋಚನೆಯಿಂದ. ಹಾನಿ ಮಾಡುವ ಉದ್ದೇಶವನ್ನು ಸಾಧಿಸಬೇಕಾಗಿಲ್ಲವೆಂದು 1991ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಶಿಕ್ಷೆಯನ್ನು ಎತ್ತಿಹಿಡಿಯಿತು.

ಈ ದೃಷ್ಟಿಯಿಂದ ಅಮೆರಿಕದ ಗಣಕಶಾಸ್ತ್ರಜ್ಞರ ಸಂಘವಾದ ಎಸಿಎಂ 2018ರಲ್ಲಿ ಪರಿಷ್ಕರಿಸಿದ ನೀತಿಸಂಹಿತೆಯು ಮೇಲಾದುದು. ಸದುದ್ದೇಶದ ಕಾರ್ಯದಿಂದಲೂ ಹಾನಿಯಾಗಬಹುದೆಂದು ಅದು ಎಚ್ಚರಿಸುತ್ತದೆ. ಆದ ಹಾನಿಯನ್ನು ಸಾಧ್ಯವಾದಷ್ಟು ಸರಿಪಡಿಸುವ ಹೊಣೆಯನ್ನೂ ಹೊರಿಸುತ್ತದೆ. ಅಲ್ಲಿ ಸೂತ್ರದೊಡನೆ ಭಾಷ್ಯವೂ ಉಂಟು. ದಶಾಜ್ಞೆಗಳ ಲಾಘವ ಅದಕ್ಕಿಲ್ಲ. ಬಾಲಕರಿಗೆ ಅದು ಭಾರವೂ ಆದೀತು.

ಆದಕಾರಣ ದಶಾಜ್ಞೆಗಳು ತ್ಯಾಜ್ಯವಲ್ಲ; ಅವುಗಳ ಬೋಧನಕ್ರಮವು ಬದಲಾಗತಕ್ಕದ್ದು. ಉಪಾಧ್ಯಾಯನು ಒಂಬತ್ತನೆಯದರಿಂದ ಪಾಠವನ್ನು ಆರಂಭಿಸಿ, ಪ್ರೋಗ್ರಾಮನ್ನು ಬರೆಯುವುದಕ್ಕೆ ಮೊದಲೇ ಅದು ಯಾರನ್ನು ತಟ್ಟುವುದು, ಎಣಿಕೆ ತಪ್ಪಿದರೆ ಗತಿಯೇನು ಎಂಬುದನ್ನು ವಿದ್ಯಾರ್ಥಿಯಿಂದ ಬರೆಯಿಸುವುದು ಯುಕ್ತ. ನಿಷೇಧಗಳನ್ನು ಒಪ್ಪಿಸಿದವನು ಪರೀಕ್ಷೆಯಲ್ಲಿ ತೇರ್ಗಡೆಯಾದಾನು. ಪರಿಣಾಮವನ್ನು ಮುಂಗಾಣಬಲ್ಲವನ ಕೈಯಲ್ಲಿ ಮಾತ್ರವೇ ಯಂತ್ರವು ಲೋಕಕ್ಕೆ ಕ್ಷೇಮಕರ.