ಪಕ್ಕವಾದ್ಯವಿಲ್ಲದ ಸಂಗೀತ: ಎರಡನೇ ಆಲ್ಬಂ ಕೇಳುವ ರಸಿಕರಿಗೊಂದು ಕೈಪಿಡಿ

ಹಾಸನದ ಕಾಲೇಜು ಮೈದಾನವಿರಲಿ, ಹೊಳೆನರಸೀಪುರದ ಗಣಪತಿ ಪೆಂಡಾಲಿರಲಿ, ಬ್ಯಾಂಡೊಂದು ವೇದಿಕೆ ಹತ್ತಿದ ಹತ್ತು ನಿಮಿಷಕ್ಕೆ ಮುಂದಿನ ಸಾಲಿನಿಂದ ಕೂಗು ಶುರುವಾಗುತ್ತದೆ: ‘ಗುಡುಗುಡಿ ಹಾಡಿ ಸಾರ್, ಗುಡುಗುಡಿ!’ ಗಾಯಕ ‘ಇದು ನಮ್ಮ ಹೊಸ ಹಾಡು’ ಅಂದನೋ, ಅರ್ಧ ಜನ ಚುರುಮುರಿ ಗಾಡಿಯ ಕಡೆ ನಡೆಯುತ್ತಾರೆ. ಉಳಿದರ್ಧ ಮೊಬೈಲು ಕೆಳಗಿಳಿಸುತ್ತಾರೆ. ರೀಲ್ಸಿಗೆ ಒದಗದ ಹಾಡು ಅವರ ಲೆಕ್ಕದಲ್ಲಿ ಹಾಡೇ ಅಲ್ಲ. ಇವರನ್ನು ಸಂಗೀತಪ್ರಿಯರು ಅನ್ನುವುದಕ್ಕಿಂತ ಪರಿಚಯಪ್ರಿಯರು ಅನ್ನುವುದು ಸರಿ. ಗೊತ್ತಿರುವುದು ಮತ್ತೊಮ್ಮೆ ಎದುರಾದಾಗ ಆಗುವ ಖುಷಿಯನ್ನೇ ಇವರು ಸಂಗೀತದ ಖುಷಿ ಎಂದುಕೊಂಡಿದ್ದಾರೆ. ಮದುವೆಮನೆಯಲ್ಲಿ ದೂರದ ನೆಂಟರ ಗುರುತು ಹಿಡಿದಷ್ಟೇ ಅದರ ಬೆಲೆ. ಇವರಲ್ಲಿ ಒಬ್ಬಿಬ್ಬರನ್ನಾದರೂ ಗಾಡಿಯಿಂದ ವಾಪಸು ಕರೆತರುವುದಕ್ಕೆ ಈ ಬರಹ. ಅದಕ್ಕೆ ಒಳ್ಳೆಯ ದಾರಿಯೆಂದರೆ, ಬ್ಯಾಂಡಿನ ಮೊದಲ ಆಲ್ಬಮನ್ನು ಕೆಲವು ದಿನ ಕಟ್ಟಿಟ್ಟು ಎರಡನೆಯದನ್ನು ಕೇಳುವುದು. ಯಾಕೆ ಎರಡನೆಯದು, ಅದರಲ್ಲಿ ಏನನ್ನು ಕೇಳಬೇಕು ಎಂಬುದಷ್ಟೇ ಇಲ್ಲಿನ ವಿಷಯ. ಗಿಟಾರಿಗೆ ಎಷ್ಟು ತಂತಿ ಎಂದು ತಿಳಿಯಬೇಕಾದವರು ಬೇರೆ ಪುಸ್ತಕ ನೋಡಿಕೊಳ್ಳಲಿ.

ನಮ್ಮ ಹಾಸನ ಜಿಲ್ಲೆಯ ಕಿವಿ ದಡ್ಡ ಕಿವಿಯಲ್ಲ. ಅದು ಪಳಗಿದ್ದು ಬೇರೆ ಬಗೆಯ ಕಚೇರಿಯಲ್ಲಿ. ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ರುದ್ರಪಟ್ಟಣ ಎಂಬ ಒಂದೇ ಊರು ಆರ್.ಕೆ. ಶ್ರೀಕಂಠನ್ ಅವರನ್ನು, ಆರ್.ಕೆ. ಪದ್ಮನಾಭ ಅವರನ್ನು, ರುದ್ರಪಟ್ಟಣಂ ಸಹೋದರರೆಂದು ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರ ಮನೆತನವನ್ನು ನಾಡಿಗೆ ಕೊಟ್ಟಿದೆ. ಪದ್ಮನಾಭರ ಮುತುವರ್ಜಿಯಿಂದ ಅಲ್ಲಿ ತಂಬೂರಿಯ ಆಕಾರದ ಗುಡಿಯೇ ಎದ್ದಿದೆ. ಈ ಪರಂಪರೆಯ ರಸಿಕ ವೇದಿಕೆಯನ್ನು ನೋಡುವುದಕ್ಕೆ ಒಂದು ಕ್ರಮವಿದೆ: ನಡುವೆ ಹಾಡುಗಾರ, ಅತ್ತಿತ್ತ ಪಕ್ಕವಾದ್ಯ, ಹಿಂದೆ ತಂಬೂರಿ. ಪಿಟೀಲು ಹಾಡುಗಾರನ ಹೆಜ್ಜೆಯಲ್ಲೇ ಹೆಜ್ಜೆಯಿಡುತ್ತದೆ. ಮೃದಂಗಕ್ಕೆ ತನಿಯಾವರ್ತನದ ಸರದಿ ಬರುತ್ತದೆ. ಅದು ಆ ಸಂಗೀತಕ್ಕೆ ಒಪ್ಪುವ ಕ್ರಮವೇ. ಸಿನಿಮಾ ಹಾಡಿನ ಆರ್ಕೆಸ್ಟ್ರಾ ಇದನ್ನೇ ಕೆಡಿಸಿ ಇನ್ನಷ್ಟು ಗಟ್ಟಿ ಮಾಡಿತು: ಮುಂದೆ ಮಿನುಗುವ ಕೋಟಿನ ಗಾಯಕ, ಹಿಂದೆ ಕತ್ತಲಲ್ಲಿ ಕೀಬೋರ್ಡು, ರಿದಂ ಪ್ಯಾಡು. ಈ ನೋಟ ಹೊತ್ತುಕೊಂಡೇ ನಾವು ರಾಕ್ ಬ್ಯಾಂಡಿನ ಎದುರು ಕೂರುತ್ತೇವೆ. ಆದರೆ ರಾಕ್ ಬ್ಯಾಂಡಿನಲ್ಲಿ ಪಕ್ಕವಾದ್ಯ ಎಂಬುದಿಲ್ಲ. ಅಲ್ಲಿ ಹಾಡುಗಾರನ ದನಿ ನಾಲ್ಕೈದು ವಾದ್ಯಗಳಲ್ಲಿ ಒಂದು. ಯಾರೂ ಯಾರನ್ನೂ ಹಿಂಬಾಲಿಸುವುದಿಲ್ಲ. ಎಲ್ಲರೂ ಸೇರಿ ಒಂದು ನಡೆಯನ್ನು ಕಟ್ಟುತ್ತಾರೆ. ಅದು ಕೇಳಿಸದವನಿಗೆ ಬ್ಯಾಂಡು ಕೇಳಿಸಿಲ್ಲ, ಗಾಯಕನೊಬ್ಬ ಮಾತ್ರ ಕೇಳಿಸಿದ್ದಾನೆ.

ಮೊದಲ ಆಲ್ಬಂ ಈ ತಪ್ಪನ್ನು ತಿದ್ದುವುದಿಲ್ಲ, ಪೋಷಿಸುತ್ತದೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರದನ್ನೇ ನೋಡಿ. ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಜತೆ ಅವರು ಕಟ್ಟಿದ್ದ ‘ಅಂತರಾಗ್ನಿ’ ತಂಡ ಚದುರಿತು. 2008ರಲ್ಲಿ ವಿಶಾಲ್–ಶೇಖರ್ ಜೋಡಿಯ ಸಂಸ್ಥೆಯಿಂದ ‘ರಘು ದೀಕ್ಷಿತ್ ಪ್ರಾಜೆಕ್ಟ್’ನ ಮೊದಲ ಆಲ್ಬಂ ಬಂತು. ಅದರ ಹಲವು ಹಾಡುಗಳು ಅಷ್ಟರಲ್ಲಾಗಲೇ ವರ್ಷಗಟ್ಟಲೆ ವೇದಿಕೆಯ ಮೇಲೆ ಉಜ್ಜಿಸಿಕೊಂಡು ನುಣುಪಾಗಿದ್ದವು. ಜತೆಗೆ ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’ ಇದ್ದವು. ಅಂದರೆ ಒಬ್ಬ ಮನುಷ್ಯನ ಯೌವನದ ಉಳಿತಾಯವೆಲ್ಲ ಒಂದೇ ಗಂಟಿನಲ್ಲಿ, ಮೇಲೆ ನೂರಕ್ಕೂ ಹೆಚ್ಚು ವರ್ಷಗಳಿಂದ ಜನರ ಬಾಯಲ್ಲಿ ಪರೀಕ್ಷೆಯಾಗಿ ಬಂದ ಎರಡು ತತ್ವಪದ. ‘ಪ್ರಾಜೆಕ್ಟ್’ ಎಂಬ ಹೆಸರೇ ಹೇಳುವಂತೆ ಅದು ತೆರೆದ ಮನೆ, ವಾದಕರು ಬಂದು ಹೋಗುವ ಪಡಸಾಲೆ. ಆಲ್ಬಂ ಗೆದ್ದಿತು, ಗೆಲ್ಲದಿದ್ದರೆ ಆಶ್ಚರ್ಯ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ಒಂದಾದ ಮೇಲೊಂದು ಬಂದವು. ಇದೆಲ್ಲ ಒಳ್ಳೆಯ ಹಾಡುಗಳಿಗೆ, ಒಳ್ಳೆಯ ದನಿಗೆ ಸಂದ ಮರ್ಯಾದೆ. ಅಲ್ಲಿ ಬ್ಯಾಂಡು ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳಲಿಲ್ಲ.

ಆ ಪ್ರಶ್ನೆ ಎದ್ದದ್ದು 2013ರಲ್ಲಿ, ‘ಜಗ್ ಚಂಗಾ’ ಬಂದಾಗ. ನಡುವಿನ ಐದು ವರ್ಷ ತಂಡ ಊರೂರು ಸುತ್ತಿತ್ತು, ದೇಶ ದಾಟಿ ನುಡಿಸಿತ್ತು. ಬೇಸ್ ಗಿಟಾರಿನಲ್ಲಿ ಗೌರವ್ ವಾಜ್, ಗಿಟಾರಿನಲ್ಲಿ ವಿಜಯ್ ಜೋಸೆಫ್, ಡ್ರಮ್ಸಿನಲ್ಲಿ ವಿಲ್ಫ್ರೆಡ್ ಡೆಮೋಜ್, ಕೊಳಲಿನಲ್ಲಿ ಪಾರ್ಥ್ ಚಾಂದಿರಮಾನಿ: ಪಡಸಾಲೆಯಲ್ಲಿ ಬಂದು ಹೋಗುತ್ತಿದ್ದವರ ಜಾಗದಲ್ಲಿ ಒಂದೇ ಒಲೆಯ ಅನ್ನ ಉಂಡವರು. ಹಳೆಯ ಹಾಡುಗಳ ಉಳಿತಾಯ ಕರಗಿದ್ದಾಗ ಇವರ ಕೈಯಲ್ಲಿ ಉಳಿದದ್ದು ಕೂಡಿ ನುಡಿಸಿದ ಅಭ್ಯಾಸ. ಎರಡನೇ ಆಲ್ಬಮಿನ ನಿಜವಾದ ಬಂಡವಾಳ ಅದು. ಷರೀಫರ ‘ಲೋಕದ ಕಾಳಜಿ’ಯನ್ನು ಅದರಲ್ಲಿ ಕೇಳಿ, ಆಮೇಲೆ ಮೊದಲ ಆಲ್ಬಮಿನ ‘ಸೋರುತಿಹುದು’ ಕೇಳಿ. ‘ಸೋರುತಿಹುದು’ವಿನಲ್ಲಿ ವಾದ್ಯಗಳು ಹಾಡಿಗೆ ಒಡವೆ ತೊಡಿಸುತ್ತವೆ. ‘ಲೋಕದ ಕಾಳಜಿ’ಯಲ್ಲಿ ಹಾಡನ್ನು ಹೆಗಲ ಮೇಲೆ ಹೊರುತ್ತವೆ. ಹಾಗಾದರೆ ‘ಜಗ್ ಚಂಗಾ’ ಹೆಚ್ಚು ಒಳ್ಳೆಯ ಆಲ್ಬಮೇ? ಹಾಡಿಗೆ ಹಾಡು ಇಟ್ಟು ತೂಗಿದರೆ ಅಲ್ಲ; ಮೊದಲನೆಯದರ ಹಾಡುಗಳೇ ಮೇಲು. ನುಡಿಸಾಣಿಕೆಗೆ ನುಡಿಸಾಣಿಕೆ ಇಟ್ಟರೆ ಎರಡನೆಯದು ಮೇಲು. ಈ ಎರಡು ತಕ್ಕಡಿ ಬೇರೆ ಬೇರೆ ಎಂದು ಗೊತ್ತಾಗುವುದೇ ರಸಿಕತೆಯ ಮೊದಲ ಮೆಟ್ಟಿಲು.

ನುಡಿಸಾಣಿಕೆಯನ್ನು ಹಿಡಿಯಬೇಕಾದದ್ದು ತಳದಿಂದ, ಅಂದರೆ ಬೇಸ್ ಗಿಟಾರಿನಿಂದ. ಬೇಲೂರಿಗೆ ಬಂದವರು ಕತ್ತು ಎತ್ತಿ ಮದನಿಕೆಯರನ್ನು ನೋಡುತ್ತಾರೆ. ಪಾದದ ಮಟ್ಟದಲ್ಲಿ ಸಾಲಾಗಿ ನಿಂತು ಗೋಡೆಯ ಭಾರವನ್ನೆಲ್ಲ ಹೊತ್ತ ಆನೆಗಳನ್ನು ದಾಟಿ ಹೋಗುತ್ತಾರೆ. ಬೇಸ್ ಎಂದರೆ ಆ ಆನೆಯ ಸಾಲು. ಅದರ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ದನಿ ಹೊರಡಿಸುವ ಶಕ್ತಿಯೇ ಇಲ್ಲ. ಮೊಬೈಲನ್ನು ಸ್ಟೀಲ್ ಲೋಟದಲ್ಲಿ ನಿಲ್ಲಿಸಿ ಹಾಡು ಕೇಳುವವರು ಆನೆಗಳನ್ನು ಕಿತ್ತು ಹಾಕಿದ ಗುಡಿ ನೋಡಿದವರು. ಇನ್ನೊಂದು ತುದಿಯಲ್ಲಿ ಮೆರವಣಿಗೆಯ ಡಿಜೆ ಇದೆ, ಎದೆಗೂಡು ನಡುಗಿಸಿ ಕಿಟಕಿ ಗಾಜು ಅದುರಿಸುವ ಪೆಟ್ಟಿಗೆಗಳ ಗುಡ್ಡ. ಅದನ್ನು ಬೇಸ್ ಎಂದು ಕರೆಯುವುದು ಗುದ್ದನ್ನು ಮದ್ದಳೆ ಎಂದು ಕರೆದಂತೆ. ಬೇಸಿನ ಕೆಲಸ ಅದುರಿಸುವುದಲ್ಲ, ಸ್ವರವನ್ನೂ ಲಯವನ್ನೂ ಒಂದೇ ಗಂಟಿನಲ್ಲಿ ಕಟ್ಟುವುದು. ತಂಬೂರಿಯಂತೆ ಅದು ಆಧಾರ. ಆದರೆ ತಂಬೂರಿ ಕೂತ ಕಡೆ ಕೂತಿರುತ್ತದೆ, ಬೇಸ್ ನಡೆಯುತ್ತದೆ. ಅದು ಒಂದು ಸ್ವರ ಕೆಳಗಿಳಿದರೆ ಮೇಲೆ ಹಾಡುಗಾರ ಹಿಡಿದ ಅದೇ ಸ್ವರಕ್ಕೆ ಬೇರೊಂದು ಭಾವ ಬರುತ್ತದೆ. ಕೇಳುವವನು ‘ಆಹಾ, ಏನು ಕಂಠ’ ಅನ್ನುತ್ತಾನೆ. ಕಂಠ ಇದ್ದಲ್ಲೇ ಇರುತ್ತದೆ, ಕೆಳಗಿನ ನೆಲ ಸರಿದಿರುತ್ತದೆ.

ಆದ್ದರಿಂದ ಬೇಸನ್ನು ಒಂಟಿಯಾಗಿ ಕೇಳಬೇಡಿ. ಡ್ರಮ್ಸಿನಲ್ಲಿ ಕಾಲಿನಿಂದ ಹೊಡೆಯುವ ದೊಡ್ಡ ಡೋಲಿನ ಜತೆ ಸೇರಿಸಿ ಕೇಳಿ. ಇವೆರಡೂ ಒಂದೇ ಕ್ಷಣಕ್ಕೆ ಬೀಳುತ್ತವೆಯೇ, ಒಂದು ಎಳೆಯಷ್ಟು ಹಿಂದೆಮುಂದೆ ಆಗುತ್ತವೆಯೇ ಎಂಬುದರಲ್ಲಿ ಹಾಡಿನ ನಡಿಗೆಯ ಗುಟ್ಟಿದೆ. ಕೂಡಿ ನುಡಿಸಿ ಪಳಗಿದವರಲ್ಲಿ ಆ ಹಿಂದೆಮುಂದೆ ಬೇಕೆಂದೇ ಆದದ್ದು. ನಿನ್ನೆ ಭೇಟಿಯಾದವರಲ್ಲಿ ಅದು ತಪ್ಪು. ಬೇಸ್ ಎಲ್ಲಿ ಸುಮ್ಮನಾಯಿತು ಎಂಬುದನ್ನೂ ಗಮನಿಸಿ. ಬಾಯಿ ಬಿಡುವುದನ್ನು ಯಾವ ವಾದ್ಯಗಾರನಾದರೂ ಕಲಿಯುತ್ತಾನೆ, ಮುಚ್ಚುವುದನ್ನು ತಂಡ ಕಲಿಸಬೇಕು. ರುದ್ರಪಟ್ಟಣಂ ಸಹೋದರರ ಜೋಡಿ ಹಾಡುಗಾರಿಕೆ ಕೇಳಿ ಬಲ್ಲವರಿಗೆ ಇದು ಹೊಸದಲ್ಲ: ಒಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರು ತುಂಬುವುದು, ಕೆಲವೊಮ್ಮೆ ಬೇಕೆಂದೇ ತುಂಬದೆ ಬಿಡುವುದು. ಆ ಕಿವಿಯನ್ನೇ ತಂದು ಇಲ್ಲಿಗೆ ಹಚ್ಚಿ.

‘ಜನ ತೀರ್ಪು ಕೊಟ್ಟಾಗಿದೆ, ಮೊದಲನೆಯದರಲ್ಲಿ ಹಿಟ್ ಇವೆ, ಎರಡನೆಯದರಲ್ಲಿ ಇಲ್ಲ’ ಎನ್ನುವ ಆಕ್ಷೇಪವಿದೆ. ಹಿಟ್ಟನ್ನು ಅಳತೆಗೋಲು ಮಾಡಿಕೊಂಡವರಿಗೆ ಇಂಗ್ಲೆಂಡಿನ ಎರಡು ಉದಾಹರಣೆ ಸಾಕು. ರೇಡಿಯೋಹೆಡ್ ತಂಡದ ಮೊದಲ ಆಲ್ಬಂ 1993ರದು. ಅದರ ‘ಕ್ರೀಪ್’ ಎಷ್ಟು ಗೆದ್ದಿತೆಂದರೆ ಹೋದಲ್ಲೆಲ್ಲ ಜನ ಅದನ್ನೇ ಕೇಳತೊಡಗಿದರು. 1995ರ ಎರಡನೇ ಆಲ್ಬಂ ‘ದಿ ಬೆಂಡ್ಸ್’ನಲ್ಲಿ ಅವರು ಆ ಹಿಟ್ಟನ್ನು ಉಸಿರೂ ಆಡಿಸುವ, ಕಟ್ಟಿಯೂ ಹಾಕುವ ಯಂತ್ರಕ್ಕೆ ಹೋಲಿಸಿ ಒಂದು ಹಾಡನ್ನೇ ಮಾಡಿದರು. ಐದು ಜನರೂ ಒಟ್ಟಿಗೆ ಕೇಳಿಸುವುದು ಅಲ್ಲಿಂದಲೇ. ಸ್ಟೋನ್ ರೋಸಸ್ ತಂಡದ್ದು ಇದರ ತಿರುಗುಮುರುಗು. 1989ರ ಮೊದಲ ಆಲ್ಬಮಿನ ಜೀವಾಳವೇ ಬೇಸಿನ ಮಾನಿ ಮತ್ತು ಡ್ರಮ್ಸಿನ ರೆನಿ ಕೂಡಿ ನಡೆಸಿದ ನಡಿಗೆ. ಐದು ವರ್ಷದ ಮೇಲೆ, 1994ರಲ್ಲಿ ಬಂದ ಎರಡನೆಯದರಲ್ಲಿ ಗಿಟಾರು ಉಳಿದವರ ತಲೆಯ ಮೇಲೆ ಕೂತಿತು. ಮರುವರ್ಷ ರೆನಿ ತಂಡ ಬಿಟ್ಟರು. ಎರಡನೇ ಆಲ್ಬಂ ಯಾವಾಗಲೂ ಮೇಲು ಎಂದು ಹೇಳುತ್ತಿಲ್ಲ. ಅದು ಯಾವಾಗಲೂ ನಿಜ ಹೇಳುತ್ತದೆ: ಇಲ್ಲಿ ಬ್ಯಾಂಡು ಇದೆಯೇ, ಇಲ್ಲವೇ.

‘ಷರೀಫರಿಗೆ ಗಿಟಾರೇಕೆ, ಏಕತಾರಿ ಸಾಲದೇ?’ ಎಂಬುದು ಇನ್ನೊಂದು ಆಕ್ಷೇಪ. ಇದನ್ನು ಚನ್ನರಾಯಪಟ್ಟಣದವರು ಕೇಳಿದರೆ ನಗು ಬರುತ್ತದೆ. ಷರೀಫರ ಪದಗಳನ್ನು ಭಜನಾ ಮೇಳಗಳಿಂದ ಎತ್ತಿ ಧ್ವನಿಸುರುಳಿಗೆ, ಅಲ್ಲಿಂದ ಹಳೇ ಮೈಸೂರಿನ ಮನೆಮನೆಗೆ ತಂದವರು ಅದೇ ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದ ಸಿ. ಅಶ್ವಥ್. 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದ ಸಂಗೀತವೂ ಅವರದೇ. ಅವರ ಹಿಂದೆಯೂ ವಾದ್ಯಗಳ ದೊಡ್ಡ ಮೇಳವಿತ್ತು, ಏಕತಾರಿಯೊಂದೇ ಇರಲಿಲ್ಲ. 1819ರಿಂದ 1889ರವರೆಗೆ ಬಾಳಿದ ಷರೀಫರ ಪದ ಭಜನೆಯ ದಮ್ಮಡಿಯನ್ನೂ, ಅಶ್ವಥ್ ಅವರ ಹಾರ್ಮೋನಿಯಂ ತಬಲವನ್ನೂ ದಾಟಿ ಬಂದಿದೆ. ಬೇಸ್ ಗಿಟಾರಿಗೆ ಹೆದರಲಾರದು. ಕೇಳಬೇಕಾದ ಪ್ರಶ್ನೆ ಯಾವ ವಾದ್ಯ ಎಂಬುದಲ್ಲ. ವಾದ್ಯ ಪದದ ಅರ್ಥದ ಜತೆ ನಡೆಯುತ್ತಿದೆಯೋ, ಬರೀ ಜತೆಗೆ ಸದ್ದು ಮಾಡುತ್ತಿದೆಯೋ ಎಂಬುದು.

ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ಈ ವಾದಕ್ಕೆ ಗಟ್ಟಿಯಾದ ಎದುರು ಸಾಕ್ಷಿ. ಅದು ಮೊದಲ ದಿನದಿಂದಲೇ ಬ್ಯಾಂಡು. ಜಿಷ್ಣು ದಾಸ್‌ಗುಪ್ತರ ಬೇಸು, ಮೋಂಟ್ರಿ ಮ್ಯಾನುಯೆಲ್ ಅವರ ಡ್ರಮ್ಸು, ಪವನ್ ಕುಮಾರ್ ಅವರ ತಾಳವಾದ್ಯ, ಮೂವರೂ ಆರಂಭದ ಆಲ್ಬಮಿನಲ್ಲೇ ಒಂದಾಗಿದ್ದಾರೆ. 2009ರ ಆ ಆಲ್ಬಮಿನ ‘ಪ್ಯಾಸೀ’ ಕಾವೇರಿಯೇ ತನ್ನ ಬಾಯಾರಿಕೆ ಹೇಳಿಕೊಳ್ಳುವ ಹಾಡು. ರಾಮನಾಥಪುರದಲ್ಲಿ ಹೊಳೆಗಿಳಿದು ಮೀನಿಗೆ ಪುರಿ ಹಾಕಿ ಬರುವವರೆಲ್ಲ ಕೇಳಬೇಕಾದದ್ದು. ಹಾಗಾದರೆ ಇವರ ಎರಡನೆಯದರಿಂದ ತಿಳಿಯುವುದೇನು? ಲಾಯ್ ಮೆಂಡೋನ್ಸಾ ನಿರ್ಮಾಣದ 2012ರ ‘ಟೋಪಿವಾಲೆ’ಯಲ್ಲಿ ಶೀರ್ಷಿಕೆಯ ಹಾಡು ರಾಜಕಾರಣಿಗಳ ಟೋಪಿ ಎಳೆದರೆ, ‘ಘುಂ’ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಮಾತೆತ್ತುತ್ತದೆ. ಬ್ಯಾಂಡಾಗಿಯೇ ಹುಟ್ಟಿದವರಿಗೆ ಎರಡನೇ ಆಲ್ಬಂ ಇನ್ನೂ ಕಠಿಣವಾದ ಪ್ರಶ್ನೆ ಹಾಕುತ್ತದೆ: ಕೂಡಿ ನುಡಿಸಲು ಬಂತು ಸರಿ, ಕೂಡಿ ಹೇಳುವುದೇನು? ಅಣ್ಣ ಎರಡನೆಯದರಲ್ಲಿ ತಂಡ ಕಂಡುಕೊಂಡರೆ ತಮ್ಮನ ತಂಡ ಎರಡನೆಯದರಲ್ಲಿ ವಿಷಯ ಕಂಡುಕೊಂಡಿತು.

ಉಳಿದದ್ದು ಬೇಗ ಹೇಳಿ ಮುಗಿಸಬಹುದು. ಗಿಟಾರಿನ ಏಕವ್ಯಕ್ತಿ ಪ್ರದರ್ಶನಕ್ಕೆ ಮರುಳಾಗಬೇಡಿ. ಹಿಂದಿ ಸಾಹಿತ್ಯ ಅರ್ಥವಾಗದಿದ್ದರೆ ಆಕಾಶ ಬೀಳುವುದಿಲ್ಲ. ಹೊದಿಕೆಯ ಚಿತ್ರ, ವಿಡಿಯೋ, ವೇಷಭೂಷಣಗಳಿಗೆ ಕಿವಿಯ ಅಗತ್ಯವಿಲ್ಲ. ಒಂದು ಸಾಧಾರಣ ಹೆಡ್‌ಫೋನ್ ಸಂಪಾದಿಸಿ, ‘ಜಗ್ ಚಂಗಾ’ವನ್ನು ಮೊದಲಿಂದ ಕೊನೆಯವರೆಗೆ ನಾಲ್ಕು ಸಲ ಕೇಳಿ: ಒಮ್ಮೆ ಬೇಸ್ ಮಾತ್ರ, ಒಮ್ಮೆ ಡ್ರಮ್ಸ್ ಮಾತ್ರ, ಒಮ್ಮೆ ಅವೆರಡರ ನಡುವಿನ ಸಂದು, ಕೊನೆಗೆ ಹಾಡುಗಾರ. ಅದಾದ ಮೇಲೂ ನಿಮಗೆ ಮೊದಲ ಆಲ್ಬಮೇ ಹೆಚ್ಚು ಹಿಡಿಸಿದರೆ ಆ ಮಾತಿಗೆ ಬೆಲೆಯಿದೆ. ಅಲ್ಲಿಯವರೆಗೆ ಮುಂದಿನ ಸಾಲಿನಲ್ಲಿ ಕೂತು ‘ಗುಡುಗುಡಿ’ ಎಂದು ಕೂಗಬೇಡಿ.