ರಾಗಿಯ ಬೆಂಕಿರೋಗವೂ ವಿಷವಾದವೂ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಬೆದ್ದಲು ಹೊಲಗಳಲ್ಲಿ ರಾಗಿಯು ಮುಖ್ಯವಾದ ಧಾನ್ಯ. ಈ ಪೈರಿಗೆ ಬೆಂಕಿರೋಗವು ತಗಲಿದಾಗ ಎಲೆಗಳ ಮೇಲೆ ಕದಿರಿನಾಕಾರದ ಕಲೆಗಳು ಮೂಡುವುವು. ತೆನೆಯ ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳಾಗುವುದು. ಪೈರು ಸುಟ್ಟಂತೆ ಕಾಣುವುದರಿಂದ, ರೋಗಕಾರಕ ಶಿಲೀಂಧ್ರವು ವಿಷವನ್ನು ಸ್ರವಿಸಿ ಅದನ್ನು ಕೊಲ್ಲುವುದೆಂಬ ಮತವು ಸಹಜವಾಗಿಯೇ ಹುಟ್ಟುತ್ತದೆ. ಈ ಮತಕ್ಕೆ ಆಧಾರವೆಷ್ಟೆಂಬುದು ವಿಚಾರಾರ್ಹವಾಗಿದೆ.

ವಿಷವಿರುವುದು ನಿರ್ವಿವಾದ. ರಾಗಿಯ ಶಿಲೀಂಧ್ರಕ್ಕೆ ಅತಿ ಸಮೀಪದ ಬಂಧುವಾದ ಬತ್ತದ ಬೆಂಕಿರೋಗದ ಶಿಲೀಂಧ್ರವನ್ನು ಬೆಳೆಸಿದ ದ್ರವದಿಂದ, ಜಪಾನಿನ ತಾಮಾರಿ, ಕಾಜಿ ಎಂಬವರು 1954ರಲ್ಲಿ ಪಿಕೊಲಿನಿಕ್ ಆಮ್ಲವನ್ನೂ ಪೈರಿಕ್ಯುಲಾರಿನ್ ಎಂಬುದನ್ನೂ ಬೇರ್ಪಡಿಸಿದರು. ಪಿಕೊಲಿನಿಕ್ ಆಮ್ಲದ ಅಣುವಿನಲ್ಲಿ ಸಾರಜನಕವುಳ್ಳ ಉಂಗುರವೂ ಅದರ ಪಕ್ಕದಲ್ಲಿಯೇ ಆಮ್ಲದ ಗುಂಪೂ ಇರುವುವು. ಇವೆರಡೂ ಕೂಡಿ ಕಬ್ಬಿಣ, ತಾಮ್ರಗಳನ್ನು ಇಕ್ಕಳದಂತೆ ಹಿಡಿದು, ಜೀವಕೋಶಕ್ಕೆ ಒದಗದಂತೆ ಮಾಡಬಲ್ಲವು.

ಆದರೆ ಸೀಸೆಯಲ್ಲಿ ದೊರೆತ ವಿಷವೇ ಹೊಲದ ರೋಗಕ್ಕೆ ಕಾರಣವೆಂದು ಹೇಳುವುದು ಅವಸರದ ನಿರ್ಣಯ. ಬತ್ತದ ಶಿಲೀಂಧ್ರವು ಎಲೆಯನ್ನು ಹೊಗುವುದು ಮುಖ್ಯವಾಗಿ ಬಲದಿಂದ. ಅದರ ಗುಮ್ಮಟದಾಕಾರದ ಕೋಶದೊಳಗಣ ಒತ್ತಡವು ವಾಯುಭಾರದ ಸುಮಾರು 80 ಮಡಿಯಷ್ಟೆಂದು 1991ರಲ್ಲಿ ಅಳೆಯಲಾಯಿತು. ಆ ಕೋಶದ ಕಪ್ಪುಬಣ್ಣವು ಲೋಪವಾದ ಬಗೆಗಳು ಗಾಯವಿಲ್ಲದ ಎಲೆಯನ್ನು ಹೊಗಲಾರವು. ಹೊಕ್ಕ ಮೇಲೆಯೂ ಶಿಲೀಂಧ್ರವು ಕೆಲವು ದಿನ ಜೀವಂತಕೋಶಗಳಲ್ಲಿಯೇ ಹಬ್ಬುವುದು. ಸುಡುವ ಕಾರ್ಯವು ಅನಂತರದ್ದು. ಕುತ್ತಿಗೆಯು ಕೊಳೆತು ಆಹಾರಪ್ರವಾಹವು ಕಡಿದರೆ, ವಿಷವಿಲ್ಲದೆಯೂ ಕಾಳು ಜೊಳ್ಳಾಗಬಲ್ಲುದು.

ಡೈಮಂಡ್, ವ್ಯಾಗನರ್ ಎಂಬವರು 1953ರಲ್ಲಿ ಇದಕ್ಕೊಂದು ನಿಯಮವನ್ನು ಹಾಕಿದರು: ವಿಷವು ರೋಗಪೀಡಿತ ಸಸ್ಯದಲ್ಲಿಯೇ ದೊರೆಯಬೇಕು, ಆರೋಗ್ಯವಂತ ಸಸ್ಯಕ್ಕೆ ಕೊಟ್ಟಾಗ ರೋಗದ ಲಕ್ಷಣಗಳಲ್ಲಿ ಕೆಲವನ್ನಾದರೂ ತೋರಿಸಬೇಕು. ಮದರಾಸು ವಿಶ್ವವಿದ್ಯಾನಿಲಯದ ಟಿ. ಎಸ್. ಸದಾಶಿವನ್ ಅವರ ಪಂಥದವರು ಹತ್ತಿಯ ಸೊರಗುರೋಗದ ಫ್ಯುಸಾರಿಕ್ ಆಮ್ಲವನ್ನು ಗಿಡದೊಳಗೇ ಅರಸಿದುದು ಈ ಕಾರಣದಿಂದಲೇ. ಇದಕ್ಕಿಂತ ಪ್ರಬಲವಾದ ಸಾಕ್ಷ್ಯವು ಓಟ್ಸ್ ಪೈರಿನದು. ಅದರ ಒಂದು ರೋಗದ ವಿಷವು ಆ ರೋಗಕ್ಕೆ ತುತ್ತಾಗುವ ತಳಿಗಳನ್ನು ಮಾತ್ರವೇ ಪೀಡಿಸುವುದೆಂದು ಮೀಹಾನ್, ಮರ್ಫಿ ಎಂಬವರು 1947ರಲ್ಲಿ ತೋರಿಸಿದರು. ಪಿಕೊಲಿನಿಕ್ ಆಮ್ಲಕ್ಕೆ ಇಂತಹ ವಿವೇಚನೆಯಿಲ್ಲ.

ಇದು ಬರಿಯ ತರ್ಕದ ವಿಷಯವಲ್ಲ. ಸೀಸೆಯ ವಿಷವನ್ನು ಸಸಿಗಳಿಗೆ ಉಣಿಸಿ ತಳಿಯನ್ನು ಆರಿಸಿದರೆ, ವಿಷವನ್ನು ತಾಳುವ ಸಸಿಯು ದೊರೆಯಬಹುದೇ ಹೊರತು ರೋಗವನ್ನು ತಾಳುವುದು ದೊರೆಯುವುದೆಂಬ ಭರವಸೆಯಿಲ್ಲ. ಬೆಂಕಿರೋಗವನ್ನು ತಾಳುವುದೆಂದು ಹೆಸರಾದ ಜಿಪಿಯು-28 ತಳಿಯ ಯೋಗ್ಯತೆಯು ಗೊತ್ತಾದುದು ಹೊಲದಲ್ಲಿ. ವಿಷದ ರಸಾಯನವು ರೋಗದ ಒಂದು ಅಧ್ಯಾಯ. ಅದನ್ನೇ ಇಡಿಯ ಗ್ರಂಥವೆಂದು ಓದಿದರೆ ನಷ್ಟವು ರೈತನ ಕಣದಲ್ಲಿ ಕಾಣುವುದು.